ಹಾಸಿಗೆಯ ಎಡಬದಿ

ಲೋಕನಾಥನಿಗೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ ಎಂಬುದನ್ನು ಕಂಡುಹಿಡಿದವಳು ಅವನ ಹೆಂಡತಿ ಶಶಿಪ್ರಭಾ. ಕಂಡುಹಿಡಿದ ತಪ್ಪಿಗೆ ಆ ಉಸಿರನ್ನು ಕಾಯುವ ಕೆಲಸವೂ ಅವಳ ಪಾಲಿಗೇ ಬಂತು. ಒಂಬತ್ತು ವರ್ಷ ಮಾಡಿದಳು. ಮನೆಯಲ್ಲಿ ಯಾರೂ ಅದನ್ನು ಕೆಲಸ ಎಂದು ಕರೆಯಲಿಲ್ಲ.

ಮದುವೆಯಾದ ವರ್ಷ, ಸಾವಿರದ ಒಂಬೈನೂರ ಎಪ್ಪತ್ತೈದರ ಒಂದು ಭಾನುವಾರ. ಕುಲಶೇಖರದ ಮನೆಯಲ್ಲಿ ಮಧ್ಯಾಹ್ನ ಕೋರಿ ರೊಟ್ಟಿ ಉಂಡು ಲೋಕನಾಥ ಚಾವಡಿಯ ಮಂಚದ ಮೇಲೆ ಅಂಗಾತ ಬಿದ್ದುಕೊಂಡಿದ್ದ. ಶಶಿಪ್ರಭಾ ಬಾಗಿಲ ಹತ್ತಿರ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಗೊರಕೆಗೆ ಕಿಟಕಿಯ ಗಾಜು ನಡುಗುತ್ತಿತ್ತು. ಅದು ಒಮ್ಮೆಗೇ ನಿಂತಿತು. ಸದ್ಯ, ಶಾಂತಿಯಾಯಿತು ಎಂದುಕೊಂಡು ಅವಳು ತಲೆ ಎತ್ತಿ ನೋಡಿದರೆ ಎದೆ ಮಾತ್ರ ಒದ್ದಾಡುತ್ತಿದೆ, ಮೂಗಿನಲ್ಲಿ ಗಾಳಿ ಇಲ್ಲ. ಕೈಯಲ್ಲಿದ್ದ ಲುಂಗಿಯನ್ನು ನಾಲ್ಕು ಮಡಿಕೆ ಮಾಡಿ ಮುಗಿಸುವವರೆಗೂ ಉಸಿರು ಬರಲಿಲ್ಲ. ತುಟಿ ಕಪ್ಪಾಗತೊಡಗಿತು. ಅವಳು ಓಡಿಹೋಗಿ ಭುಜ ಹಿಡಿದು ಅವನನ್ನು ಮಗ್ಗುಲಿಗೆ ಉರುಳಿಸಿದಳು. ನೀರಿನಿಂದ ಮೇಲೆದ್ದವನ ಹಾಗೆ ದೊಡ್ಡದಾಗಿ ಉಸಿರೆಳೆದ ಲೋಕನಾಥ ಕಣ್ಣು ಬಿಟ್ಟು, "ಎಂತ ನಿಂದು? ಮಲಗಲಿಕ್ಕೂ ಬಿಡುವುದಿಲ್ವಾ?" ಎಂದು ಗದರಿಸಿ ಮತ್ತೆ ನಿದ್ದೆಹೋದ.

ಸುದ್ದಿ ಕೇಳಿ ಅತ್ತೆ ಉಮಾವತಿ ಕೂಳೂರಿನ ತಮ್ಮ ಕುಟುಂಬದ ಮನೆಯಿಂದ ಟ್ರಂಕು ಸಮೇತ ಬಂದರು. ಮಗನ ತೋಳಿಗೆ ಮಂತ್ರಿಸಿದ ನೂಲು ಕಟ್ಟಿಸಿದರು. ನೂಲು ಕಟ್ಟಿದ ತೋಳಿನಲ್ಲೇ ಅವನು ಮತ್ತೂ ಜೋರಾಗಿ ಗೊರಕೆ ಹೊಡೆದ. ಆಮೇಲೆ ಪರಿಚಯದ ಡಾಕ್ಟರೊಬ್ಬರು ಬಂದು ನೋಡಿದರು. "ಕೆಲವರಿಗೆ ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ತದೆ. ಅಂಗಾತ ಮಲಗಲಿಕ್ಕೆ ಬಿಡಬೇಡಿ. ಹೆಂಡತಿ ಪಕ್ಕದಲ್ಲೇ ಇದ್ದಾರಲ್ಲ, ಮಗ್ಗುಲಿಗೆ ಹಾಕಿದ್ರೆ ಆಯ್ತು" ಎಂದು ಚಹಾ ಕುಡಿದು ಹೋದರು. ಚೀಟಿ ಬರೆಯಲಿಲ್ಲ. ಹೆಂಡತಿಯೇ ಔಷಧಿಯಾದಾಗ ಚೀಟಿ ಯಾಕೆ?

ಔಷಧಿಯನ್ನು ಎಲ್ಲಿ ಇಡಬೇಕು ಎಂಬುದನ್ನು ಉಮಾವತಿ ಹೇಳಿದರು. "ಎಡಬದಿಗೆ ಮಲಗು. ಧಾರೆ ಆದ ಮೇಲೆ ನಿನ್ನನ್ನು ಎಲ್ಲಿ ಕೂರಿಸಿದರೋ ಅದೇ ನಿನ್ನ ಜಾಗ. ಬಲಗೈ ಅವನ ಮೇಲಿರಲಿ."

ಹೀಗೆ ಶಶಿಪ್ರಭಾ ಮಲಗುವುದನ್ನು ಹೊಸದಾಗಿ ಕಲಿತಳು. ಎಡಗಿವಿ ದಿಂಬಿನೊಳಗೆ, ಬಲಗಿವಿ ಮೇಲೆ, ಗಂಡನ ಬಾಯಿಗೆ ಒಂದು ಗೇಣು ದೂರದಲ್ಲಿ. ಸದ್ದು ಇರುವಷ್ಟು ಹೊತ್ತು ಅವಳು ಆ ಸದ್ದಿನ ಕೆಳಗೆ ಅರೆನಿದ್ದೆ ಮಾಡುತ್ತಿದ್ದಳು. ಸದ್ದು ನಿಂತ ಕ್ಷಣ ಎಚ್ಚರವಾಗುತ್ತಿತ್ತು, ಬಲಗೈ ತಾನಾಗಿ ಅವನ ಭುಜವನ್ನು ದೂಡುತ್ತಿತ್ತು. ರಾತ್ರಿಗೆ ಇಪ್ಪತ್ತು ಸಲ, ಕೆಲವೊಮ್ಮೆ ಮೂವತ್ತು ಸಲ. ತೊಂಬತ್ತು ಕಿಲೋದ ಮನುಷ್ಯ. ಹೊಟ್ಟೆಯಲ್ಲಿ ಮಗಳು ಆಶಾಲತಾ ಏಳು ತಿಂಗಳು ಇದ್ದಾಗಲೂ ದೂಡಿದಳು. ಬಾಣಂತನಕ್ಕೆ ತವರಿಗೆ ಹೋದವಳನ್ನು ನಲವತ್ತು ದಿನವೂ ತುಂಬದೆ ವಾಪಸು ಕರೆಸಿಕೊಂಡರು. ಕರೆಯಲು ಬಂದ ಉಮಾವತಿ ಅವಳ ತಾಯಿಯ ಹತ್ತಿರ ಹೇಳಿದ್ದು ಇಷ್ಟೇ: "ಇಲ್ಲಿ ಮಗುವನ್ನು ನೋಡಿಕೊಳ್ಳಲಿಕ್ಕೆ ನೀವೆಲ್ಲ ಇದ್ದೀರಿ. ಅಲ್ಲಿ ಅವನಿಗೆ ಯಾರುಂಟು?"

ಮದುವೆ ಮುಂಜಿಗಳಲ್ಲಿ ಉಮಾವತಿ ಹೆಮ್ಮೆಯಿಂದ, "ನನ್ನ ಮಗನ ಉಸಿರು ಇವಳ ಕೈಯಲ್ಲಿ ಉಂಟು" ಎನ್ನುತ್ತಿದ್ದರು. ಹೆಂಗಸರು ತಲೆದೂಗುತ್ತಿದ್ದರು. ಹಾಗಾದರೆ ಇವಳು ಮಲಗುವುದು ಯಾವಾಗ ಎಂದು ಒಬ್ಬಳೂ ಕೇಳಲಿಲ್ಲ. ಅವರಿಗೂ ಮನೆಯಲ್ಲಿ ಒಂದೊಂದು ಇಂಥದ್ದು ಇದ್ದಿರಬೇಕು.

ಲೋಕನಾಥನಿಗೆ ಕೊಡಿಯಾಲ್‌ಬೈಲಿನಲ್ಲಿ ಹೋಟೆಲಿತ್ತು. ಕೋರ್ಟಿನ ಗುಮಾಸ್ತರು, ಕಾಲೇಜಿನ ಹುಡುಗರು ಬರುವ ಜಾಗ. ಬೆಳಿಗ್ಗೆ ಹನ್ನೊಂದಕ್ಕೇ ಅವನು ಕ್ಯಾಶಿನ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. "ಪಾಪ, ದುಡಿದು ದುಡಿದು ದಣಿದಿದ್ದಾರೆ" ಎಂದು ಸಪ್ಲಯರುಗಳು ಸದ್ದಿಲ್ಲದೆ ಓಡಾಡುತ್ತಿದ್ದರು. ಶಶಿಪ್ರಭಾ ಸಂಜೆ ಬಸ್ಸಿನಲ್ಲಿ ಕಂಬ ಹಿಡಿದು ನಿಂತಲ್ಲೇ ನಿದ್ದೆಹೋಗಿ ಎರಡು ಸ್ಟಾಪು ಆಚೆ ಇಳಿದ ದಿನ ಮನೆಯಲ್ಲಿ ಕೇಳಿದ ಮಾತು ಬೇರೆ. "ಕೂತು ಮಾಡುವ ಕೆಲಸ. ಆದ್ರೂ ಇವಳಿಗೆ ಎಲ್ಲಿಂದ ಬರ್ತದೋ ನಿದ್ದೆ!"

ಕೂತು ಮಾಡುವ ಕೆಲಸವೇನೋ ಹೌದು. ಅವಳು ದೂರದೂರಿನ ಫೋನುಗಳನ್ನು ಜೋಡಿಸುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಉದ್ದನೆಯ ಬೋರ್ಡಿನ ಮುಂದೆ ಸಾಲಾಗಿ ಹೆಂಗಸರು. ಎದೆಯ ಮೇಲೆ ಮಾತಾಡುವ ಕೊಳವೆ, ಒಂದು ಕಿವಿಗೆ ರಿಸೀವರು, ಇನ್ನೊಂದು ಕಿವಿ ಪಕ್ಕದವರಿಗೆ, ಸೂಪರ್‌ವೈಸರಿಗೆ. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ಅಣ್ಣತಮ್ಮಂದಿರಿಗೆ ಊರಿನಿಂದ ಸಾವು, ಹೆರಿಗೆ, ನಿಶ್ಚಿತಾರ್ಥಗಳ ಸುದ್ದಿ ಹೋಗುವುದು ಈ ಬೋರ್ಡಿನ ಮೂಲಕ. ಮಳೆಗಾಲದಲ್ಲಿ ಮುಂಬಯಿ ಲೈನು ಕಡಲಿನ ಅಡಿಯಲ್ಲಿ ಇಟ್ಟ ಹಾಗೆ ಮೊರೆಯುತ್ತಿತ್ತು. ಆ ಮೊರೆತದ ಕೆಳಗೆ ನೂಲಿನಷ್ಟು ತೆಳ್ಳಗೆ ಒಂದು ಮನುಷ್ಯನ ಸ್ವರ ಇರುತ್ತದೆ. ಅದನ್ನು ಹಿಡಿಯುವುದರಲ್ಲಿ ಶಶಿಪ್ರಭಾಳನ್ನು ಮೀರಿಸಿದವರು ಇರಲಿಲ್ಲ. ಉಳಿದವರು ಕೈಬಿಟ್ಟ ಫೋನ್ ಕಾಲನ್ನು, "ಶಶೀ, ಇದನ್ನೊಮ್ಮೆ ಕೇಳು ಮಾರಾಯ್ತಿ" ಎಂದು ಅವಳಿಗೆ ದಾಟಿಸುತ್ತಿದ್ದರು. ಅವಳು ಕಣ್ಣು ಮುಚ್ಚಿ ರಿಸೀವರನ್ನು ಬಲಗಿವಿಗೆ ಒತ್ತಿ, ಆಚೆಯವರ ಮಾತನ್ನು ಒಂದೊಂದಾಗಿ ಹೆಕ್ಕಿ ಈಚೆಯವರಿಗೆ ಹೇಳುತ್ತಿದ್ದಳು. ಯಾರದೋ ತಾಯಿ, "ನಿಮ್ಮ ಕಿವಿಗೆ ದೇವರು ಒಳ್ಳೆಯದು ಮಾಡಲಿ" ಎಂದು ಹರಸಿದ್ದುಂಟು.

ಎಂಬತ್ತನಾಲ್ಕರ ಫೆಬ್ರವರಿಯಲ್ಲಿ ಸೂಪರ್‌ವೈಸರ್ ಗ್ಲ್ಯಾಡಿಸ್ ಅವಳ ಕುರ್ಚಿಯ ಹಿಂದೆ ಬಂದು ನಿಂತರು. ಬಿಳಿ ಕೂದಲು, ಇಸ್ತ್ರಿ ಮಾಡಿದ ಸೀರೆ. ಇಪ್ಪತ್ತೇಳು ವರ್ಷದ ಸರ್ವಿಸು.

"ಶಶಿಪ್ರಭಾ, ನಿನ್ನ ರಿಸೀವರು ಯಾವಾಗಿಂದ ಎಡಗಿವಿಗೆ ಹೋಯ್ತು?"

ಶಶಿಪ್ರಭಾ ಕಿವಿ ಮುಟ್ಟಿ ನೋಡಿಕೊಂಡಳು. ಹೌದು, ಎಡಗಿವಿ. ಯಾವಾಗ ಬದಲಾಯಿಸಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಆಮೇಲೆ ಒಂದೊಂದೇ ಹೊರಬಿತ್ತು. ಅವಳ ಬಲಕ್ಕೆ ಕೂರುವ ವಾರಿಜಾಕ್ಷಿ ಒಂದು ತಿಂಗಳಿಂದ ಮಾತು ಬಿಟ್ಟಿದ್ದಳು. ಟಿಫಿನ್ ಬಿಚ್ಚುವಾಗ ಅವಳ ಸಿಟ್ಟೂ ಸಿಡಿಯಿತು. "ಐದು ಸಲ ಕರೆದೆ, ಐದು ಸಲ! ನನ್ನ ಕಾಲು ನಿನ್ನ ಬೋರ್ಡಿಗೆ ಬಂದಿತ್ತು. ತಿರುಗಿಯೂ ನೋಡಲಿಲ್ಲ. ಗಂಡನಿಗೆ ಹೋಟೆಲುಂಟು ಅಂತ ಇಷ್ಟು ದೊಡ್ಡಸ್ತಿಕೆಯಾ?"

"ನನಗೆ ಕೇಳಲಿಲ್ಲ ವಾರಿಜಾ."

"ಓಹೋ. ಮುಂಬಯಿಯಲ್ಲಿ ಕೆಮ್ಮಿದ್ರೆ ಕೇಳ್ತದೆ, ಪಕ್ಕದಲ್ಲಿ ಕರೆದ್ರೆ ಕೇಳುವುದಿಲ್ಲ!"

ಅದೇ ಸಂಜೆ ಆಶಾಲತಾ ಅಮ್ಮನ ಬಲಭುಜಕ್ಕೆ ಒರಗಿ ಕಿವಿಯಲ್ಲಿ ಏನೋ ಗುಟ್ಟು ಹೇಳಿದಳು. ಕಿವಿಗೆ ಬಿಸಿಯುಸಿರು ತಾಗಿತು. ಮಾತು ಮಾತ್ರ ಕೇಳಲಿಲ್ಲ. "ಏನು ಮಗಾ?" ಎಂದಾಗ ಎಂಟು ವರ್ಷದ ಹುಡುಗಿ, "ಹೋಗಮ್ಮ, ನೀನು ಯಾವಾಗಲೂ ಕೇಳುವುದೇ ಇಲ್ಲ" ಎಂದು ಎದ್ದು ಹೋದಳು. ಶಶಿಪ್ರಭಾ ಹೆಬ್ಬೆರಳು ತೋರುಬೆರಳನ್ನು ಬಲಗಿವಿಯ ಹತ್ತಿರ ತಿಕ್ಕಿ ನೋಡಿದಳು. ಎಡಗಿವಿಯ ಹತ್ತಿರ ತಿಕ್ಕಿ ನೋಡಿದಳು. ಬಲಕ್ಕೆ ಮತ್ತೊಮ್ಮೆ ತಿಕ್ಕಿ ನೋಡಿದಳು.

ಮರುದಿನ ಗ್ಲ್ಯಾಡಿಸ್ ಅವಳನ್ನು ಪಕ್ಕಕ್ಕೆ ಕರೆದರು. "ನೋಡು, ಒಂದು ಕಂಪ್ಲೇಂಟು ಬಂದದ್ದನ್ನು ನಾನು ಬರೆದಿಲ್ಲ. ಇನ್ನೊಂದು ಬಂದ್ರೆ ಬರೆಯಬೇಕಾಗ್ತದೆ. ಬರೆದ್ರೆ ಕಿವಿಯ ಪರೀಕ್ಷೆ ಮಾಡಿಸ್ತಾರೆ. ಅದರೊಳಗೆ ನೀನೇ ತೋರಿಸಿಕೋ. ಕಿವಿ ಹೋದ್ರೆ ಈ ಬೋರ್ಡಿನಲ್ಲಿ ನಿನಗೆ ಎಂತ ಕೆಲಸ ಉಂಟು ಹೇಳು?"

ಅವಳಿಗೆ ಕಾರಣ ಹುಡುಕಬೇಕಾಗಿರಲಿಲ್ಲ. ಒಂಬತ್ತು ವರ್ಷ ಯಾವ ಕಿವಿ ಮೇಲಿತ್ತು ಎಂಬುದು ಗೊತ್ತೇ ಇತ್ತು. ಅಡುಗೆಮನೆಯಲ್ಲಿ ಬಂಗುಡೆ ಕೊಯ್ಯುತ್ತಾ ಅತ್ತೆಗೆ ಹೇಳಿದಳು: "ಮಾಮಿ, ನಾನು ಇನ್ನು ಬಲಬದಿಗೆ ಮಲಗ್ತೇನೆ. ಈ ಕಿವಿ ಮಂದ ಆಗಿದೆ. ಅದಕ್ಕೆ ಸ್ವಲ್ಪ ಬಿಡುವು ಬೇಕು."

ಅವಳು ಕೇಳಿದ್ದು ಅಷ್ಟೇ. ಬೇರೆ ಕೋಣೆಯಲ್ಲ, ಬೇರೆ ಮಂಚವಲ್ಲ. ಒಂದು ಕಿವಿಯ ಬದಲಿಗೆ ಇನ್ನೊಂದು ಕಿವಿಯನ್ನು ಕೊಡುತ್ತೇನೆ ಎಂದು ಕೇಳಿದ್ದಳು. ಈಗ ನೆನೆದರೆ ತನ್ನ ಮೇಲೆಯೇ ಸಿಟ್ಟು ಬರುತ್ತದೆ ಅವಳಿಗೆ.

ಉಮಾವತಿ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದರು. "ಬಲಬದಿಗಾ? ಹೆಂಡತಿ ಬಲಕ್ಕೆ ಮಲಗಿದ್ರೆ ಗಂಡನ ಆಯುಸ್ಸಿಗೆ ಕೇಡು. ಅವನ ಉಸಿರಿನ ಅವಸ್ಥೆ ನೋಡಿಕೊಂಡೂ ಈ ಮಾತು ಆಡ್ತೀಯಾ?"

"ಬಲಕ್ಕೆ ಮಲಗಿದ್ರೂ ಕೈ ನನ್ನದೇ ಅಲ್ವಾ?"

"ನಮ್ಮಲ್ಲಿ ಹಾಗೆ ಇಲ್ಲ."

ಲೋಕನಾಥನನ್ನು ಕೇಳಿದರೆ, "ಅಮ್ಮ ಹೇಳಿದ್ರಲ್ಲ, ಮತ್ತೆಂತ? ಕಿವಿಗೆ ಎಣ್ಣೆ ಬಿಡು" ಎಂದ. ಎಣ್ಣೆ ಬಿಟ್ಟಳು. ಮಾರ್ಚಿನಲ್ಲಿ ಡಾಕ್ಟರಲ್ಲಿಗೆ ಹೋಗುವ ಎಂದಳು. ಮಗಳ ಪರೀಕ್ಷೆ ಎಂದರು. ಏಪ್ರಿಲಿನಲ್ಲಿ ನೆಂಟರು, ಮೇಯಲ್ಲಿ ಮದುವೆಗಳು. ಒಬ್ಬಳೇ ಹೋಗುವ ಎಂದರೆ ಡ್ಯೂಟಿ ಮುಗಿಸಿ ಮನೆಗೆ ಬಂದು ಒಲೆ ಹಚ್ಚಬೇಕಾದ ಹೊತ್ತಿಗೆ ಕ್ಲಿನಿಕ್ಕಿನ ಬಾಗಿಲು ತೆರೆಯುತ್ತಿತ್ತು.

ಜೂನಿನಲ್ಲಿ ಲೋಕನಾಥನ ಕಿವಿಯೂ ಮಂದವಾಯಿತು. ರೇಡಿಯೋದ ಸ್ವರ ನೆರೆಮನೆಗೆ ಕೇಳತೊಡಗಿತು. ಹೋಟೆಲಿನಲ್ಲಿ ಗಿರಾಕಿಗಳು ಹೇಳಿದ್ದನ್ನು ಎರಡೆರಡು ಸಲ ಹೇಳಿಸುತ್ತಿದ್ದ. ಒಂದು ಬೆಳಿಗ್ಗೆ ಅಮ್ಮ ಹಿಂದಿನಿಂದ ಕರೆದದ್ದು ಅವನಿಗೆ ಕೇಳಲಿಲ್ಲ. ಅಷ್ಟೇ ಸಾಕಾಯಿತು. ಉಮಾವತಿ ಆ ದಿನ ಮೀನು ಮುಟ್ಟಲಿಲ್ಲ. ಮೂರನೆಯ ದಿನಕ್ಕೆ ಕಿವಿ-ಗಂಟಲಿನ ಡಾಕ್ಟರ್ ಸರ್ವೋತ್ತಮರ ಹತ್ತಿರ ಅಪಾಯಿಂಟ್‌ಮೆಂಟ್ ಆಗಿತ್ತು. ಶಶಿಪ್ರಭಾ ಜೊತೆಗೆ ಹೋಗಬೇಕಾಯಿತು, ಯಾಕೆಂದರೆ ಅವನು ಮಲಗಿದಾಗ ಏನಾಗುತ್ತದೆ ಎಂಬುದನ್ನು ಹೇಳಬಲ್ಲವಳು ಅವಳೊಬ್ಬಳೇ. ಅವಳ ರಜಾ ಚೀಟಿಗೆ ಗ್ಲ್ಯಾಡಿಸ್ ಸಹಿ ಹಾಕುತ್ತಾ, "ನಿನ್ನ ಕಿವಿಗಾ?" ಎಂದರು.

"ಅಲ್ಲ ಮೇಡಂ. ಇವರದ್ದಕ್ಕೆ."

ಗ್ಲ್ಯಾಡಿಸ್ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದರು.

ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡುವವಳು ಹೆಲನ್ ಎಂಬ ಹುಡುಗಿ. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಲೋಕನಾಥನನ್ನು ಕೂರಿಸಿ, ತಲೆಗೆ ಯಂತ್ರ ಹಾಕಿ, ಸದ್ದು ಕೇಳಿದಾಗ ಕೈ ಎತ್ತಲು ಹೇಳಿ ಕಾಗದದಲ್ಲಿ ಗೆರೆ ಎಳೆದಳು. ಅವನು ಡಾಕ್ಟರ ಕೋಣೆಯೊಳಗೆ ಹೋದ ಮೇಲೆ ಬೆಂಚಿನಲ್ಲಿದ್ದ ಶಶಿಪ್ರಭಾಳ ಪಕ್ಕಕ್ಕೆ ಬಂದು, "ಪೇಷಂಟಿನ ವಯಸ್ಸು ಎಷ್ಟು?" ಎಂದಳು. ಉತ್ತರವಿಲ್ಲ. ಮತ್ತೆ ಕೇಳಿದಳು. ಮೂರನೆಯ ಸಲ ಸುತ್ತಿಬಂದು ಎಡಕ್ಕೆ ನಿಂತು ಕೇಳಿದಳು.

"ಮೂವತ್ತೆಂಟು" ಎಂದಳು ಶಶಿಪ್ರಭಾ ತಟ್ಟನೆ.

ಹೆಲನ್ ಒಂದು ಗಳಿಗೆ ಅವಳ ಮುಖ ನೋಡಿದಳು. "ಅಕ್ಕ, ನೀವೂ ಒಮ್ಮೆ ಒಳಗೆ ಕೂತುಕೊಳ್ಳಿ. ಐದು ನಿಮಿಷ. ನಿಮ್ಮ ಹೆಸರು ಬರೆಸಿಲ್ಲ ಅಂತ ಯಾರೂ ಕೇಳುವುದಿಲ್ಲ."

ಎಡಗಿವಿಗೆ ಸದ್ದುಗಳು ಬಂದವು, ಹೋದವು, ಅವಳು ಕೈ ಎತ್ತಿದಳು. ಬಲಗಿವಿಗೆ ಬಂದಾಗ ಕೋಣೆ ನಿಶ್ಶಬ್ದವಾಯಿತು. ಗಾಜಿನ ಆಚೆ ಹೆಲನ್ ಗುಂಡಿಯನ್ನು ತಿರುಗಿಸುತ್ತಲೇ ಇದ್ದಳು. ಶಶಿಪ್ರಭಾ ತೊಡೆಯ ಮೇಲಿಟ್ಟ ಕೈಯನ್ನು ನೋಡುತ್ತಾ ಕೂತಳು. ಎತ್ತಲಿಕ್ಕೆ ಏನೂ ಬರಲಿಲ್ಲ.

ಒಳಗೆ ಡಾಕ್ಟರ್ ಸರ್ವೋತ್ತಮ ಲೋಕನಾಥನ ಬಾಯಿಗೆ ಟಾರ್ಚು ಬಿಟ್ಟು ನೋಡಿ ಮುಗಿಸಿದ್ದರು. "ಟಾನ್ಸಿಲು ಎರಡೂ ಅಮಟೆಕಾಯಿಯಷ್ಟು ಉಂಟು. ಮೂಗಿನ ನಡುವಿನ ಎಲುಬು ಸೊಟ್ಟ. ಉಸಿರು ಹೋಗಲಿಕ್ಕೆ ದಾರಿ ಎಲ್ಲಿದೆ? ಅದೇ ಕಾರಣಕ್ಕೆ ಕಿವಿಯ ಒಳಗೆ ನೀರು ಕಟ್ಟಿದೆ. ಆಪರೇಷನ್ ಮಾಡಿದ್ರೆ ನಿದ್ದೆಯೂ ಸರಿಯಾಗ್ತದೆ, ಕಿವಿಯೂ ಬರ್ತದೆ. ಆಸ್ಟ್ರೇಲಿಯಾದಲ್ಲಿ ಮೂಗಿಗೆ ಗಾಳಿ ಊದುವ ಯಂತ್ರ ಒಂದು ಮಾಡಿದ್ದಾರಂತೆ, ನಾನು ಓದಿದ್ದು ಮಾತ್ರ. ಇಲ್ಲಿಗೆ ಬರಲಿಕ್ಕೆ ಇನ್ನೆಷ್ಟು ವರ್ಷವೋ."

"ಅಲ್ಲಿಯವರೆಗೆ ಯಂತ್ರ ನಾನು" ಎಂದಳು ಬಾಗಿಲಲ್ಲಿದ್ದ ಶಶಿಪ್ರಭಾ.

ಡಾಕ್ಟರು ತಮಾಷೆ ಎಂದುಕೊಂಡು ನಕ್ಕರು. ಅವಳತ್ತ ತಿರುಗಿ ಹೇಳತೊಡಗಿದರು. "ನೋಡಿಮ್ಮ, ಇವರಿಗೆ ಎಣ್ಣೆ ಕಡಿಮೆ ಮಾಡಿ. ರಾತ್ರಿ ಊಟ ಬೇಗ ಕೊಡಿ. ಬ್ರಾಂದಿ ಕುಡಿಯಲಿಕ್ಕೆ ಬಿಡಬೇಡಿ. ಹತ್ತು ಕಿಲೋ ಇಳಿಸಿ. ಬನಿಯನಿನ ಬೆನ್ನಿಗೆ ಒಂದು ಟೆನ್ನಿಸ್ ಚೆಂಡು ಇಟ್ಟು ಹೊಲಿಯಿರಿ, ಅಂಗಾತ ತಿರುಗಿದ್ರೆ ಚುಚ್ಚಿ ತಾನೇ ಮಗ್ಗುಲಾಗ್ತಾರೆ."

"ಡಾಕ್ಟ್ರೇ, ಬಾಯಿ ಅವರದ್ದು, ಬ್ರಾಂದಿ ಅವರದ್ದು, ಹೊಟ್ಟೆ ಅವರದ್ದು. ಅವರಿಗೇ ಹೇಳಿ. ಅವರು ಇಲ್ಲೇ ಕೂತಿದ್ದಾರೆ."

ಲೋಕನಾಥ ಕೆಂಪಾದ. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಆ ಹೊತ್ತಿಗೆ ಹೆಲನ್ ಬಂದು ಎರಡನೆಯ ಕಾಗದವನ್ನು ಮೇಜಿನ ಮೇಲಿಟ್ಟಳು. "ಸರ್, ಇದು ಇವರದ್ದಲ್ಲ. ಈ ಅಕ್ಕನದ್ದು."

ಡಾಕ್ಟರು ಬಹಳ ಹೊತ್ತು ಕಾಗದ ನೋಡಿದರು. ಕಿವಿ ಸೋರಿದ್ದುಂಟೇ, ಪೆಟ್ಟಾಗಿದ್ದುಂಟೇ, ಏನಾದರೂ ಔಷಧಿ ತಗೊಂಡಿದ್ದುಂಟೇ ಎಂದು ಕೇಳಿದರು. ಎಲ್ಲದಕ್ಕೂ ಇಲ್ಲ. ಕೊನೆಗೆ ಕೇಳಿದರು: "ನೀವು ಇವರ ಯಾವ ಬದಿಗೆ ಮಲಗ್ತೀರಿ?"

"ಎಡಬದಿಗೆ. ಬಲಗಿವಿ ಇವರ ಕಡೆಗೆ. ಒಂಬತ್ತು ವರ್ಷ."

"ಇದರಿಂದಲೇ ಅಂತ ನಾನು ಸಹಿ ಹಾಕಿ ಕೊಡಲಾರೆ. ಆದ್ರೆ ಹಂಚಿನ ಕಾರ್ಖಾನೆಯಲ್ಲಿ ಮಿಷನಿನ ಪಕ್ಕ ನಿಲ್ಲುವವರು ಬರ್ತಾರೆ ನನ್ನ ಹತ್ರ. ಅವರ ಚಾರ್ಟು ಹೀಗೆಯೇ ಇರ್ತದೆ." ಅವರು ಕಾಗದವನ್ನು ಅವಳತ್ತ ತಿರುಗಿಸಿದರು. "ಅವರಿಗಾದ್ರೂ ಎಂಟು ಗಂಟೆ ಆದ ಮೇಲೆ ಮನೆಗೆ ಹೋಗಲಿಕ್ಕುಂಟು."

"ಇದಕ್ಕೆ ಔಷಧಿ?"

"ಇಲ್ಲ. ಇದು ನೀರು ಕಟ್ಟಿದ್ದಲ್ಲ, ನರ ಸೋತದ್ದು. ಹೋದದ್ದು ಬರುವುದಿಲ್ಲ. ಎಡಗಿವಿಯ ಗೆರೆಯೂ ತುದಿಯಲ್ಲಿ ಸ್ವಲ್ಪ ಬಾಗಿದೆ, ನೋಡಿ. ಅದನ್ನು ಉಳಿಸಿಕೊಳ್ಳಿ. ಇವತ್ತಿನಿಂದ ಬೇರೆ ಕೋಣೆಯಲ್ಲಿ ಮಲಗಿ."

ಅವರು ಇದನ್ನು ಲೋಕನಾಥನಿಗೂ ಕೇಳುವ ಹಾಗೆ ಜೋರಾಗಿಯೇ ಹೇಳಿದರು. ರಿಕ್ಷಾದಲ್ಲಿ ವಾಪಸು ಬರುವಾಗ ಲೋಕನಾಥ ಬಾಯಿ ಬಿಟ್ಟದ್ದು ಒಂದೇ ಸಲ. "ಆಪರೇಷನ್ ಅಂದ್ರೆ ಗಂಟಲು ಕೊಯ್ಯುವುದಾ ಹೇಗೆ?"

ಅವಳು ಆ ವಾರವೇ ಹೊಲಿಗೆ ಮಿಷನಿನಲ್ಲಿ ಕೂತು ಮೂರು ಬನಿಯನುಗಳ ಬೆನ್ನಿಗೆ ಕಿಸೆ ಹೊಲಿದು ಚೆಂಡು ಹಾಕಿ ಕೊಟ್ಟಳು. ಮೊದಲನೆಯದನ್ನು ಹಾಕಿಕೊಂಡವನು ಬೆಳಿಗ್ಗೆ ಅದನ್ನು ಅಂಗಳಕ್ಕೆ ಎಸೆದ. "ನಾಯಿಗೆ ಚೆಂಡು ಕಟ್ಟಿದ ಹಾಗೆ! ಬೆನ್ನು ನೋಯ್ತದೆ. ನಿನ್ನ ಕೈ ಉಂಟಲ್ಲ." ಆಪರೇಷನ್ನಿನ ಮಾತು ಎತ್ತಿದರೆ ಮಳೆಗಾಲ ಮುಗಿಯಲಿ ಎಂದ. ಮಳೆಗಾಲ ಮುಗಿದಾಗ ನವರಾತ್ರಿ ಕಳೆಯಲಿ ಎಂದ, ಆಮೇಲೆ ದೀಪಾವಳಿ. ಬೇರೆ ಕೋಣೆಯ ಮಾತನ್ನು ಉಮಾವತಿ ಒಳಗೇ ಬಿಡಲಿಲ್ಲ. "ಡಾಕ್ಟರಿಗೆ ಎಂತ? ಹೇಳಿ ಹೋಗ್ತಾನೆ. ಅವನಿಗೆ ಏನಾದರೂ ಆದ್ರೆ ಬೊಟ್ಟು ಅಳಿಸಿಕೊಳ್ಳುವವಳು ನೀನು."

ಇದು ನಿಜವಾಗಿ ಅವಳನ್ನು ಕಟ್ಟಿಹಾಕುವ ಹಗ್ಗ. ತಾನು ಕೈ ತೆಗೆದ ದಿನವೇ ಅವನ ಉಸಿರು ಬರದಿದ್ದರೆ? ಗಂಡನನ್ನು ಕೊಲ್ಲುವ ಇಷ್ಟ ಅವಳಿಗೆ ಇರಲಿಲ್ಲ. ಅದನ್ನು ಮನೆಯವರೆಲ್ಲ ಚೆನ್ನಾಗಿ ತಿಳಿದಿದ್ದರು, ಅದರ ಮೇಲೆಯೇ ಅವರು ನಿಶ್ಚಿಂತೆಯಿಂದ ಮಲಗುತ್ತಿದ್ದರು. ಇನ್ನೂ ಮೂರು ತಿಂಗಳು ಅವಳು ಎಡಬದಿಗೇ ಮಲಗಿದಳು, ಎಡಗಿವಿಗೆ ಹತ್ತಿ ತುರುಕಿಕೊಂಡು. ಹತ್ತಿ ಇಟ್ಟರೆ ಉಸಿರು ನಿಂತದ್ದು ಕೇಳದೆ ಹೋದೀತೆಂದು ಕೈಯನ್ನು ಅವನ ಎದೆಯ ಮೇಲಿಟ್ಟುಕೊಂಡು ಎಚ್ಚರವಿದ್ದಳು.

ಅಕ್ಟೋಬರಿನ ಮೊದಲ ವಾರ ಎಕ್ಸ್‌ಚೇಂಜಿನಲ್ಲಿ ಎರಡನೆಯ ಕಂಪ್ಲೇಂಟು ಬಂತು. ಸಾವಿನ ಸುದ್ದಿಯ ಅರ್ಜೆಂಟ್ ಕಾಲು. ಸೂಪರ್‌ವೈಸರ್ ಬಲಬದಿಯಿಂದ ಕೂಗಿ ಹೇಳಿದ್ದನ್ನು ಅವಳು ಕೇಳಿಸಿಕೊಳ್ಳದೆ ಆ ಲೈನು ಇಪ್ಪತ್ತು ನಿಮಿಷ ಖಾಲಿ ಬಿದ್ದಿತ್ತು. ಗ್ಲ್ಯಾಡಿಸ್ ಬರೆದರು. ಬರೆದು ಅವಳಿಗೆ ತೋರಿಸಿದರು. "ಡಿಸೆಂಬರಿನಲ್ಲಿ ನಿನ್ನ ಪರೀಕ್ಷೆ. ಎಡಗಿವಿ ಪಾಸಾದ್ರೆ ನಾನು ಹೋರಾಡ್ತೇನೆ. ಅದೂ ಹೋದ್ರೆ ನನ್ನ ಕೈಯಲ್ಲಿ ಇಲ್ಲ."

ಮನೆಗೆ ಬಂದವಳು ಸೀರೆಯನ್ನೂ ಬದಲಾಯಿಸಲಿಲ್ಲ. ತನ್ನ ದಿಂಬು, ಚಾಪೆ, ಹೊದಿಕೆಯನ್ನು ಎತ್ತಿ ಅಕ್ಕಿ ಮುಡಿ ಇಡುವ ಉಗ್ರಾಣದ ಕೋಣೆಗೆ ಹಾಕಿದಳು. ಉಮಾವತಿ ಎದ್ದು ಬಂದರು.

"ಎಂತ ಇದು?"

"ನಾನು ಇನ್ನು ಇಲ್ಲಿ ಮಲಗ್ತೇನೆ."

"ನನ್ನ ಮಗ ಸಾಯಲಿ ಅಂತಲಾ?"

"ಸಾಯಬಾರದು ಮಾಮಿ. ಅದಕ್ಕೇ ಇವತ್ತಿನಿಂದ ನೀವು ಮಲಗಿ. ಎಡ ಬಲ ಹೆಂಡತಿಗೆ. ತಾಯಿಗೆ ಆ ತೊಂದರೆ ಇಲ್ಲ, ನೀವು ಯಾವ ಬದಿಗೆ ಬೇಕಾದ್ರೂ ಮಲಗಬಹುದು. ಸದ್ದು ನಿಂತ ಕೂಡಲೇ ದೂಡಬೇಕು. ಭುಜ ಹಿಡಿದು ದೂಡಿ, ಸೊಂಟ ಹಿಡಿದ್ರೆ ತಿರುಗುವುದಿಲ್ಲ."

"ನನ್ನ ಪ್ರಾಯ ನೋಡಿದ್ದೀಯಾ?"

"ನೋಡಿದ್ದೇನೆ. ನಿಮಗೆ ಎರಡೂ ಕಿವಿ ಸರಿ ಉಂಟು. ಅದನ್ನೂ ನೋಡಿದ್ದೇನೆ."

ಮಗನ ಜೀವದ ವಿಷಯ; ಉಮಾವತಿ ಇಲ್ಲ ಎನ್ನುವ ಹಾಗಿರಲಿಲ್ಲ. ಮೊದಲನೆಯ ದಿನ ಬೆಳಿಗ್ಗೆ ದೊಡ್ಡ ಸಾಹಸ ಮಾಡಿದವರಂತೆ ಬಂದು ಕೂತರು. "ಹದಿನೆಂಟು ಸಲ ದೂಡಿದೆ. ಎಂತ ಮಹಾ ಕೆಲಸ?" ಎರಡನೆಯ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದರು. ನಾಲ್ಕನೆಯ ದಿನ ಕಾಯಿ ತುರಿಯುತ್ತಾ ತೂಕಡಿಸಿ ಬೆರಳು ಕೊಯ್ದುಕೊಂಡರು. ಶಶಿಪ್ರಭಾ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದಳು. ಆರನೆಯ ದಿನ ಅತ್ತೆ ತಲೆಗೆ ಕೈ ಹೊತ್ತು ಕೂತು, "ಅದು ಎಂತ ಸದ್ದು ಮಾರಾಯ್ತಿ! ಕಿವಿಯಲ್ಲಿ ಈಗಲೂ ಗುಂಯ್ ಅಂತದೆ" ಎಂದರು.

"ಹೌದು ಮಾಮಿ."

ಎಂಟನೆಯ ದಿನ ಬೆಳಿಗ್ಗೆ ಲೋಕನಾಥ ನೀರುದೋಸೆ ತಿನ್ನುತ್ತಿದ್ದ. ಉಮಾವತಿಯ ಕಣ್ಣು ಕೆಂಡವಾಗಿತ್ತು. "ಇವತ್ತೇ ಡಾಕ್ಟರಲ್ಲಿಗೆ ಹೋಗಿ ದಿನ ಗೊತ್ತುಮಾಡಿಕೊಂಡು ಬಾ."

"ದೀಪಾವಳಿ ಕಳೆಯಲಿ ಅಮ್ಮ, ಹೋಟೆಲಿನಲ್ಲಿ..."

"ದೀಪಾವಳಿಯೂ ಇಲ್ಲ, ಗೀಪಾವಳಿಯೂ ಇಲ್ಲ! ಹೋಟೆಲಿಗೆ ಬೆಂಕಿ ಬಿತ್ತಾ? ಮನುಷ್ಯರು ಮಲಗುವುದು ಬೇಡವಾ? ನಾನೇನು ಕಲ್ಲಾ?"

ಲೋಕನಾಥ ತಲೆ ತಗ್ಗಿಸಿ ಆಯಿತು ಎಂದ.

ಕಾವಲಿಯ ಮೇಲೆ ಹಿಟ್ಟು ಹೊಯ್ದು ಮುಚ್ಚಳ ಹಿಡಿದು ನಿಂತಿದ್ದ ಶಶಿಪ್ರಭಾಳ ಕೈ ಹಾಗೆಯೇ ನಿಂತಿತು. ಎಂಟು ದಿನ. ಅವಳು ಒಂಬತ್ತು ವರ್ಷ ಕೊಟ್ಟು, ಒಂದು ಕಿವಿ ಕೊಟ್ಟು, ಬಾಯಿ ಬಿಟ್ಟು ಬೇಡಿದರೂ ಆಗದೆ ಇದ್ದದ್ದು ಎಂಟು ದಿನದಲ್ಲಿ ಆಯಿತು. ಸಂತೋಷ ಪಡಬೇಕಿತ್ತು. ಅವಳಿಗೆ ಆ ಕಾವಲಿಯನ್ನು ಎತ್ತಿ ಅಂಗಳಕ್ಕೆ ಎಸೆಯುವಷ್ಟು ಸಿಟ್ಟು ಬಂತು.

"ಮಾಮಿ, ನಾನು ಒಂಬತ್ತು ವರ್ಷ ಮಾಡಿದೆ."

"ನೀನು ಪ್ರಾಯದವಳು" ಎಂದರು ಉಮಾವತಿ, ನಿಜವಾಗಿಯೂ ಅರ್ಥವಾಗದೆ. "ನಿನಗೆ ಅಭ್ಯಾಸ ಆಗಿತ್ತು."

ದೋಸೆ ಸೀದು ಹೋಯಿತು. ಅವಳು ಅದನ್ನು ಹಾಗೆಯೇ ಗಂಡನ ತಟ್ಟೆಗೆ ಹಾಕಿದಳು.

ನವೆಂಬರಿನಲ್ಲಿ ಆಪರೇಷನ್ ಆಯಿತು. ನರ್ಸಿಂಗ್ ಹೋಮಿಗೆ ತಣ್ಣಗಿನ ಗಂಜಿ ಸೋಸಿ ಹೊತ್ತವಳು ಅವಳೇ, ಅದನ್ನು ಬಿಡಲಿಲ್ಲ. ಹೊಲಿಗೆ ಒಣಗಿದ ಮೇಲೆ ಲೋಕನಾಥ ಅಂಗಾತ ಮಲಗಿದರೂ ಮಗುವಿನ ಹಾಗೆ ಉಸಿರಾಡುತ್ತಿದ್ದ. ಕ್ಯಾಶಿನ ಕುರ್ಚಿಯಲ್ಲಿ ತೂಕಡಿಕೆ ನಿಂತಿತು. ಫೆಬ್ರವರಿಯಲ್ಲಿ ಹೆಲನ್ ಮತ್ತೆ ಪರೀಕ್ಷೆ ಮಾಡಿದಾಗ ಅವನ ಕಾಗದದ ಗೆರೆಗಳೆರಡೂ ಮೇಲಕ್ಕೆ ಬಂದಿದ್ದವು. ಲೋಕನಾಥನ ಕಿವಿ ಬಂತು ಎಂದು ಮನೆಯಲ್ಲಿ ಪಾಯಸ ಮಾಡಿದರು. ಅಂದರೆ, ಶಶಿಪ್ರಭಾ ಮಾಡಿದಳು.

ಅವಳ ಕಾಗದವನ್ನೂ ಹೆಲನ್ ತೆಗೆದಳು. ಬಲಗಿವಿಯ ಗೆರೆ ಇದ್ದಲ್ಲೇ ಬಿದ್ದಿತ್ತು. "ಕೆಳಗೆ ಇಳಿಯಲಿಲ್ಲ, ಅದೇ ಸಂತೋಷ" ಎಂದರು ಡಾಕ್ಟರು.

"ಯಾರಿಗೆ?" ಎಂದಳು ಶಶಿಪ್ರಭಾ. ಡಾಕ್ಟರು ಕಾಗದ ಮಡಚಿ ಅವಳ ಕೈಗೆ ಕೊಟ್ಟರು.

ಡಿಸೆಂಬರಿನ ಪರೀಕ್ಷೆಯಲ್ಲಿ ಎಡಗಿವಿ ಪಾಸಾಗಿತ್ತು. ಗ್ಲ್ಯಾಡಿಸ್ ಹೇಳಿದ ಮಾತಿನಂತೆ ಹೋರಾಡಿ ಅವಳಿಗೆ ಬೋರ್ಡಿನ ಬಲತುದಿಯ ಕುರ್ಚಿ ಕೊಡಿಸಿದರು. ಅಲ್ಲಿ ಅವಳ ಬಲಕ್ಕೆ ಗೋಡೆ ಮಾತ್ರ. ವಾರಿಜಾಕ್ಷಿ ಈಗ ಎಡಕ್ಕೆ. ಕರೆಯಬೇಕಾದರೆ ಭುಜ ತಟ್ಟುತ್ತಾಳೆ, ಕಣ್ಣು ತಪ್ಪಿಸುತ್ತಾ. ಕೆಲಸ ಉಳಿಯಿತು. ಆದರೆ ಮುಂದಿನ ಮಳೆಗಾಲದಲ್ಲಿ ಮುಂಬಯಿ ಲೈನು ಮೊರೆಯತೊಡಗಿದಾಗ ಅವಳು ಕಣ್ಣು ಮುಚ್ಚಿ ರಿಸೀವರನ್ನು ಎಡಗಿವಿಗೆ ಒತ್ತಿದಳು, ಮತ್ತೂ ಒತ್ತಿದಳು. ನೂಲಿನಂಥ ಆ ಸ್ವರ ಸಿಗಲಿಲ್ಲ. ಬರೀ ನೀರಿನ ಸದ್ದು. ಅವಳು ಪ್ಲಗ್ಗನ್ನು ವಾರಿಜಾಕ್ಷಿಯ ಕಡೆಗೆ ದಾಟಿಸಿ, "ನೀನೊಮ್ಮೆ ಕೇಳು" ಎಂದಳು.

ಆ ದಿನ ಸಂಜೆ ಮನೆಯಲ್ಲಿ ಉಮಾವತಿ ಮಾತು ತೆಗೆದರು. "ಆಪರೇಷನ್ ಆಗಿ ಏಳು ತಿಂಗಳಾಯ್ತು. ಈಗ ಸದ್ದೂ ಇಲ್ಲ ಗದ್ದಲವೂ ಇಲ್ಲ. ಎಡಬದಿ ಖಾಲಿ ಇಡಬಾರದು. ನಿನ್ನ ದಿಂಬು ತಗೊಂಡು ಹೋಗು."

ಲೋಕನಾಥ ಪೇಪರು ಮಡಚಿದ. "ನನಗೂ ಸರಿ ನಿದ್ದೆ ಬರ್ತಾ ಇಲ್ಲ ಶಶೀ, ಪಕ್ಕದಲ್ಲಿ ಯಾರೂ ಇಲ್ಲದೆ."

"ಒಂಬತ್ತು ವರ್ಷ ನನಗೆ ಬರಲಿಲ್ಲ, ಪಕ್ಕದಲ್ಲಿ ನೀವು ಇದ್ದದ್ದಕ್ಕೆ."

"ಈಗ ನಾನು ಸರಿಯಾಗಿದ್ದೇನಲ್ಲ!"

"ಹೌದು. ನೀವು ಸರಿಯಾಗಿದ್ದೀರಿ" ಎಂದಳು. "ನಾನು ಆಗಲಿಲ್ಲ. ಆದ ದಿನ ಬರ್ತೇನೆ."

ಉಗ್ರಾಣದ ಕೋಣೆಯಲ್ಲಿ ಈಗ ಒಂದು ಮಂಚ ಉಂಟು, ಅವಳೇ ತರಿಸಿದ್ದು. ಆಶಾಲತಾ ಮಲಗುವ ಮೊದಲು ಬಂದು ಎಡಬದಿಗೆ ಕೂತು ಎಡಗಿವಿಯಲ್ಲಿ ಆ ದಿನದ ಗುಟ್ಟು ಹೇಳಿ ಹೋಗುತ್ತಾಳೆ. ಆಮೇಲೆ ಶಶಿಪ್ರಭಾ ಹಿಂದಿನ ಹಾಗೆಯೇ ಮಗ್ಗುಲಾಗುತ್ತಾಳೆ. ಕೇಳುವ ಕಿವಿ ದಿಂಬಿನೊಳಗೆ, ಕೇಳದ ಕಿವಿ ಮೇಲೆ.

ಬೆಳಿಗ್ಗೆ ಆರಕ್ಕೆ ಚಾವಡಿಯಿಂದ "ಶಶೀ, ಚಹಾ" ಎಂಬ ಕೂಗು ಬರುತ್ತದಂತೆ. ಎರಡು ಸಲ, ಮೂರು ಸಲ. ಆಮೇಲೆ ಯಾರೋ ಎದ್ದು ಹೋಗಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಜೋರಾಗಿ ಕುಕ್ಕುತ್ತಾರಂತೆ. ಮಗಳು ಹೇಳಿದ್ದು. ಶಶಿಪ್ರಭಾ ಏಳುವುದು ಏಳು ಗಂಟೆಗೆ.